ಗೋಳಗುಮ್ಮಟದ ಅಳತೆಯ ಸಭಾಂಗಣ: ಗಿಂಪ್‌ನಲ್ಲಿ ಆಟದ ನಕ್ಷೆ ಬಿಡಿಸುವುದು ಹೇಗೆ?

ಪ್ರಶ್ನೆ (ವಿಜಯಪುರ)

ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಪಾತ್ರಗಳಾಗಿ ಕಥೆ ಕಟ್ಟುತ್ತಾ, ಚೌಕಗಳ ನಕ್ಷೆಯ ಮೇಲೆ ಗೊಂಬೆಗಳನ್ನು ನಡೆಸುವ ಮೇಜಿನಾಟ) ಆಡುತ್ತೇವೆ. ಕನ್ನಡದಲ್ಲೇ ಕಥೆ ನಡೆಸುವ ನಮಗೆ ಸಿದ್ಧ ನಕ್ಷೆಗಳ ಯುರೋಪಿನ ಕೋಟೆಗಳು ಒಗ್ಗುತ್ತಿಲ್ಲ. ಆದ್ದರಿಂದ ಗೋಳಗುಮ್ಮಟದ ಒಳಾಂಗಣದಷ್ಟೇ ವಿಶಾಲವಾದ, ನಡುವೆ ಒಂದೂ ಕಂಬವಿಲ್ಲದ ಕಾಲ್ಪನಿಕ ಸಭಾಂಗಣವನ್ನು ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ಬಿಡಿಸಬೇಕೆಂದಿದ್ದೇನೆ. ಅದು ಸಮಾಧಿಸ್ಥಳವಾದ್ದರಿಂದ ಅಳತೆಯನ್ನಷ್ಟೇ ತೆಗೆದುಕೊಂಡು, ಹೆಸರನ್ನೂ ಗೋರಿಗಳ ಕಟ್ಟೆಯನ್ನೂ ಬಿಡುತ್ತೇನೆ. ಒಳಗೆ ಪ್ರತಿ ಬದಿ ಸುಮಾರು 135 ಅಡಿ ಇದೆ. ಚಿತ್ರವನ್ನು ಎಷ್ಟು ಪಿಕ್ಸೆಲ್‌ನಲ್ಲಿ ಆರಂಭಿಸಬೇಕು, ಮನೆಯ ಎ4 ಪ್ರಿಂಟರ್‌ನಲ್ಲಿ ಮುದ್ರಿಸಿ ಜೋಡಿಸಬಹುದೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ (ಬೆಳಗಾವಿ)

ಬಣ್ಣ, ಕಲ್ಲು, ನೆರಳುಗಳ ಯೋಚನೆಗೆ ಮೊದಲು ಚೌಕದ ಲೆಕ್ಕ ಮುಗಿಯಬೇಕು. ಅದು ತಪ್ಪಿದರೆ ಎಷ್ಟು ಚಂದದ ನಕ್ಷೆಯೂ ಮೇಜಿನ ಮೇಲೆ ಕೆಲಸಕ್ಕೆ ಬಾರದು. ಈ ಆಟದಲ್ಲಿ ಒಂದು ಚೌಕ ಐದು ಅಡಿಗೆ ಸಮ, ಕಾಗದದ ಮೇಲೆ ಅದು ಒಂದು ಇಂಚು. ಹಾಗಾಗಿ ನಿಮ್ಮ 135 ಅಡಿ 27 ಚೌಕಗಳಾಗುತ್ತದೆ. ಗೋಡೆಗೆಂದು ಎಡಬಲಕ್ಕೆ ಅರ್ಧರ್ಧ ಚೌಕ ಸೇರಿಸಿದರೆ ಅಗಲ 28. ಅಂಚು ಬಿಟ್ಟ ಎ4 ಹಾಳೆಯಲ್ಲಿ 7 × 10 ಚೌಕ ಹಿಡಿಸುವುದರಿಂದ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ಒಟ್ಟು 12 ಹಾಳೆಗಳು ಸಾಕು. ಉದ್ದದಲ್ಲಿ ಉಳಿಯುವ ಎರಡು ಸಾಲುಗಳನ್ನು ಹೊರಗಿನ ಮೆಟ್ಟಿಲಿಗೆ ಬಳಸಿಕೊಳ್ಳಿ.

ಇಂಚಿಗೆ 300 ಪಿಕ್ಸೆಲ್‌ನಂತೆ 8400 × 9000 ಅಳತೆಯ ಹೊಸ ಚಿತ್ರ ತೆರೆಯಿರಿ. ನೆಲ, ಗೋಡೆ, ಸಾಮಾನು, ನೆರಳು, ಚೌಕಗಳ ಗೆರೆ ಇವೆಲ್ಲ ಬೇರೆ ಬೇರೆ ಲೇಯರ್‌ನಲ್ಲಿರಲಿ (ಲೇಯರ್ ಎಂದರೆ ಒಂದರ ಮೇಲೊಂದು ಕೂರುವ ಪಾರದರ್ಶಕ ಹಾಳೆಯಂತಹ ಪದರ). ನೆರಳಿನ ಲೇಯರ್‌ಗೆ ಮಲ್ಟಿಪ್ಲೈ ಮೋಡ್ (ಕೆಳಗಿನ ಬಣ್ಣದೊಂದಿಗೆ ಬೆರೆತು ಅದನ್ನು ಗಾಢವಾಗಿಸುವ ವಿಧಾನ) ಕೊಟ್ಟರೆ ಕೆಳಗಿನ ಕಲ್ಲು ಮಾಸದೆ ಕಪ್ಪಾಗುತ್ತದೆ. ಗುಪ್ತದ್ವಾರಗಳಿಗೂ ಒಂದು ಲೇಯರ್ ಇಟ್ಟು, ಆಟಗಾರರ ಪ್ರತಿ ಮುದ್ರಿಸುವಾಗ ಅದನ್ನು ಮರೆಮಾಡಿ. ಗೆರೆಗಳನ್ನು ಫಿಲ್ಟರ್ಸ್ ಮೆನುವಿನ ರೆಂಡರ್, ಪ್ಯಾಟರ್ನ್ ಒಳಗಿನ ಗ್ರಿಡ್‌ನಿಂದ 300 ಪಿಕ್ಸೆಲ್ ಅಂತರದಲ್ಲಿ ಎಳೆಯಬಹುದು. ಕೊನೆಗೆ ಅಡ್ಡಕ್ಕೆ 2100, ಉದ್ದಕ್ಕೆ 3000 ಪಿಕ್ಸೆಲ್‌ಗೊಂದರಂತೆ ಗೈಡ್ (ಮುದ್ರಣದಲ್ಲಿ ಬಾರದ ಗುರುತಿನ ಗೆರೆ) ಇಟ್ಟು, ಇಮೇಜ್ ಮೆನುವಿನ ‘ಸ್ಲೈಸ್ ಯೂಸಿಂಗ್ ಗೈಡ್ಸ್’ ಒತ್ತಿದರೆ ಹನ್ನೆರಡೂ ತುಂಡುಗಳು ಪ್ರತ್ಯೇಕ ಚಿತ್ರಗಳಾಗಿ ತೆರೆದುಕೊಳ್ಳುತ್ತವೆ. ಮುದ್ರಿಸುವಾಗ ‘ಫಿಟ್ ಟು ಪೇಜ್’ ಆಯ್ಕೆಯನ್ನು ಖಂಡಿತ ತೆಗೆದುಬಿಡಿ, ಇಲ್ಲವಾದರೆ ಚೌಕ ಒಂದು ಇಂಚಾಗಿ ಉಳಿಯುವುದಿಲ್ಲ.

ಉತ್ತರ (ಬಾಗಲಕೋಟೆ)

ಮೇಲಿನ ಲೆಕ್ಕಕ್ಕೆ ನನ್ನ ಪೂರ್ಣ ಸಹಮತವಿದೆ; ಕಲ್ಲಿನ ಬಗ್ಗೆ ಮಾತ್ರ ಒಂದು ಮಾತು. ನಮ್ಮ ಬಾದಾಮಿಯ ಕೆಂಪು ಮರಳುಗಲ್ಲು ಎಷ್ಟೇ ಆಕರ್ಷಕವಾಗಿದ್ದರೂ ವಿಜಯಪುರದ ಕಟ್ಟಡಕ್ಕೆ ಹೊಂದುವುದಿಲ್ಲ, ಅಲ್ಲಿಯದು ಬೂದುಗಪ್ಪು ಬಸಾಲ್ಟ್. ಮೋಡ ಕವಿದ ದಿನ ಅಂತಹ ಗೋಡೆಯೊಂದನ್ನು ನೇರ ಎದುರಿನಿಂದ ನೀವೇ ಫೋಟೋ ತೆಗೆದು, ಫಿಲ್ಟರ್ಸ್‌ನ ಮ್ಯಾಪ್ ವಿಭಾಗದಲ್ಲಿರುವ ‘ಟೈಲ್ ಸೀಮ್‌ಲೆಸ್’ ಬಳಸಿದರೆ ಜೋಡಣೆಯ ಗೆರೆ ಕಾಣದ ಹಾಸು ಸಿದ್ಧವಾಗುತ್ತದೆ. ಅದರ ಕಾಂಟ್ರಾಸ್ಟ್ ತಗ್ಗಿಸುವುದು ಅಗತ್ಯ, ಏಕೆಂದರೆ ನೆಲವೇ ಎದ್ದು ಕಂಡರೆ ಅದರ ಮೇಲಿನ ಗೊಂಬೆಗಳು ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಊರು ಬಿಟ್ಟ ಒಬ್ಬ ಗೆಳೆಯ ಇಂತಹ ಆಟಗಳನ್ನು ಅಂತರ್ಜಾಲದಲ್ಲಿ ಆಡಿಸುವ ರೋಲ್20 ತಾಣದ ಮೂಲಕ ಸೇರುತ್ತಾನೆ. ಅವನಿಗಾಗಿ ಬೇರೆ ಚಿತ್ರ ಬಿಡಿಸಬೇಕೇ?

ಉತ್ತರ (ಬೆಳಗಾವಿ)

ಬೇಕಿಲ್ಲ. ಅಲ್ಲಿ ಒಂದು ಚೌಕಕ್ಕೆ 70 ಪಿಕ್ಸೆಲ್. ಗೆರೆಗಳ ಲೇಯರ್ ಮರೆಮಾಡಿ, ಚಿತ್ರವನ್ನು 1960 × 2100ಕ್ಕೆ ಇಳಿಸಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ; ಗೆರೆಯನ್ನು ಆ ತಾಣವೇ ಹಾಕುತ್ತದೆ. ಲೇಯರ್‌ಗಳನ್ನೆಲ್ಲ ಹಿಡಿದಿಡುವ ಗಿಂಪ್‌ನ ಮೂಲ ಎಕ್ಸ್‌ಸಿಎಫ್ ಕಡತವನ್ನು ಮಾತ್ರ ಇಳಿಸಿದ ಅಳತೆಯಲ್ಲಿ ಉಳಿಸಬೇಡಿ.