ಏಳನೆಯ ತಿಂಗಳಲ್ಲಿ ಜಾರಿ ಬಿದ್ದಿದ್ದಾಳೆ, ರಕ್ತ ಕಂಡಿಲ್ಲ: ಆಸ್ಪತ್ರೆಗೆ ಹೋಗಲೇಬೇಕೆ?

ಪ್ರಶ್ನೆ (ತೋಟದಮನೆ, ಸಿದ್ದಾಪುರ ಕಡೆ)

ನಮ್ಮ ಮನೆ ಶಿರಸಿ–ಸಿದ್ದಾಪುರ ರಸ್ತೆಯಿಂದ ಎಂಟು ಕಿಲೋಮೀಟರ್ ಒಳಗಿದೆ. ನನ್ನ ಹೆಂಡತಿಗೆ ಈಗ 29 ವಾರ. ನಿನ್ನೆ ಸಂಜೆ ಆರು ಗಂಟೆಯ ಹೊತ್ತಿಗೆ ಬಚ್ಚಲುಮನೆಯಿಂದ ಹಿತ್ತಿಲ ಅಂಗಳ ದಾಟಿ ಬರುವಾಗ, ಪಾಚಿಗಟ್ಟಿದ ಚಿರೇಕಲ್ಲಿನ ಮೆಟ್ಟಿಲಿನ ಮೇಲೆ ಕಾಲು ಜಾರಿ ಎಡಮಗ್ಗುಲಾಗಿ ಬಿದ್ದಳು. ಹೊಟ್ಟೆ ನೇರವಾಗಿ ನೆಲಕ್ಕೆ ಬಡಿಯಲಿಲ್ಲ. ಸೊಂಟಕ್ಕೂ ಎಡಗೈ ಮಣಿಕಟ್ಟಿಗೂ ಪೆಟ್ಟಾಗಿದೆ, ಮಣಿಕಟ್ಟು ಊದಿದೆ. ರಾತ್ರಿ ಸರಿಯಾಗಿ ನಿದ್ರೆ ಬಂದಿಲ್ಲ. ಆಗಾಗ ಹೊಟ್ಟೆ ಬಿಗಿದಂತಾಗಿ ಮತ್ತೆ ಸಡಿಲವಾಗುತ್ತದೆ ಎನ್ನುತ್ತಾಳೆ. ರಕ್ತ ಹೋಗಿಲ್ಲ, ಮಗು ಮಿಸುಕುತ್ತಿದೆ.

ಆಯಿ ನಾಲ್ಕು ಹೆತ್ತವರು. ರಕ್ತ ಕಾಣಿಸದಿದ್ದ ಮೇಲೆ ಹೆದರುವುದು ಬೇಡ, ಈ ಮಳೆಯಲ್ಲಿ ಹೊಂಡ ಬಿದ್ದ ರಸ್ತೆಯಲ್ಲಿ ಕರೆದುಕೊಂಡು ಹೋದರೆ ಕುಲುಕಾಟದಿಂದಲೇ ಹೆಚ್ಚು ತೊಂದರೆ, ಎಣ್ಣೆ ಬಿಸಿ ಮಾಡಿ ಸೊಂಟಕ್ಕೂ ಹೊಟ್ಟೆಗೂ ತಿಕ್ಕಿದರೆ ಸರಿಹೋಗುತ್ತದೆ ಎಂಬುದು ಅವರ ಅಭಿಪ್ರಾಯ. ಹೇಗೂ ನಾಲ್ಕು ದಿನ ಬಿಟ್ಟು ಸ್ಕ್ಯಾನಿಂಗ್ ಇದೆ. ಅಲ್ಲಿಯವರೆಗೆ ಕಾಯಬಹುದೆ? ನನ್ನ ಬೆನ್ನುನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಮಾತ್ರೆ ಮನೆಯಲ್ಲಿದೆ, ಅದನ್ನು ಕೊಡಬಹುದೆ? ಆಕೆಯ ರಕ್ತದ ಗುಂಪು ಓ ನೆಗೆಟಿವ್, ನನ್ನದು ಬಿ ಪಾಸಿಟಿವ್. ಇದು ಇಲ್ಲಿ ಮುಖ್ಯವೋ ಅಲ್ಲವೋ ತಿಳಿಯದು, ಇರಲಿ ಎಂದು ಬರೆದಿದ್ದೇನೆ.

ಉತ್ತರ 1 (ನಿವೃತ್ತ ಶುಶ್ರೂಷಕಿ, ಶಿರಸಿ)

ತಮ್ಮಾ, ನೀವು ಕೊನೆಯಲ್ಲಿ ಬರೆದ ಸಾಲೇ ಎಲ್ಲಕ್ಕಿಂತ ಮುಖ್ಯವಾದುದು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾರಿಗೆ ಹೇಳಿ. ನಾಲ್ಕು ದಿನವಲ್ಲ, ನಾಲ್ಕು ಗಂಟೆಯೂ ಕಾಯಬೇಡಿ. ಹೊಟ್ಟೆ ಬಿಗಿದು ಸಡಿಲವಾಗುವುದು ಗರ್ಭಕೋಶ ಸಂಕುಚಿಸುತ್ತಿರುವುದರ ಲಕ್ಷಣ. ಬಿದ್ದ ಮರುದಿನ ಅದು ಕಾಣಿಸಿಕೊಂಡರೆ ಮನೆಯಲ್ಲಿ ಇಟ್ಟುಕೊಂಡು ನೋಡುವಂತಿಲ್ಲ.

ನಿಮ್ಮ ಆಯಿಯ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಬಿದ್ದ ಗರ್ಭಿಣಿಯರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದೂ ನಿಜವೇ. ಆದರೆ ರಕ್ತ ಕಾಣಿಸಲಿಲ್ಲ ಎಂಬ ಒಂದೇ ಸಮಾಧಾನವನ್ನು ನಂಬಿ ಕೂರುವುದು ತಪ್ಪು. ಗರ್ಭಕೋಶದ ಗೋಡೆ ಹಿಗ್ಗಿ ಕುಗ್ಗುವಂಥದ್ದು, ಅದಕ್ಕೆ ಅಂಟಿಕೊಂಡಿರುವ ಮಾಸಿಗೆ ಆ ಗುಣವಿಲ್ಲ. ಬಿದ್ದ ರಭಸಕ್ಕೆ ಗೋಡೆ ಒಂದು ಕ್ಷಣ ಆಕಾರ ಬದಲಿಸಿದಾಗ ಮಾಸು ಅದರ ಜೊತೆ ಬಾಗಲಾರದೆ ಅಂಚಿನಲ್ಲಿಯೋ ನಡುವಿನಲ್ಲಿಯೋ ಬಿಡಿಸಿಕೊಳ್ಳಬಹುದು, ಮತ್ತು ಹೊಟ್ಟೆ ನೆಲಕ್ಕೆ ನೇರವಾಗಿ ಬಡಿಯದಿದ್ದರೂ ಹೀಗಾಗುವುದುಂಟು. ನಡುವಿನಲ್ಲಿ ಬಿಟ್ಟರೆ ರಕ್ತ ಮಾಸಿನ ಹಿಂದೆಯೇ ಶೇಖರವಾಗುತ್ತದೆ, ಹೊರಗೆ ಒಂದು ಹನಿಯೂ ಬರುವುದಿಲ್ಲ. ಹೊಟ್ಟೆಗೆ ಎಣ್ಣೆ ತಿಕ್ಕುವುದನ್ನು ಖಂಡಿತ ಬಿಡಿಸಿ. ಡೈಕ್ಲೋಫೆನಾಕ್ ಕೊಡಬೇಡಿ, ಆ ಜಾತಿಯ ನೋವಿನ ಮಾತ್ರೆಗಳು 20 ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಲ್ಲವು. ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಸಾಕು.

ಹಿಂದಿನ ಸೀಟಿನಲ್ಲಿ ಆಕೆಯನ್ನು ಎಡಮಗ್ಗುಲಿಗೆ ಒರಗಿಸಿ. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಾಯಿಗೂ ಮಗುವಿಗೂ ರಕ್ತ ಕಡಿಮೆಯಾಗುತ್ತದೆ. ಆ ಮಗ್ಗುಲು ನೋಯುತ್ತಿದ್ದರೆ ಬಲ ಸೊಂಟದ ಕೆಳಗೆ ದಿಂಬು ಇಟ್ಟು ಸ್ವಲ್ಪ ಎಡಕ್ಕೆ ವಾಲಿಸಿದರೂ ಆದೀತು. ಬೈಕು ಬೇಡವೇ ಬೇಡ. ಕಾರು ಸಿಗದಿದ್ದರೆ 108ಕ್ಕೆ ಕರೆ ಮಾಡಿ. ನಿಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ತಲೆಯಲ್ಲಿ ಮಾತ್ರ ಎಂಬುದು ನನಗೆ ಗೊತ್ತು, ಆದುದರಿಂದ ಒಬ್ಬರನ್ನು ಅಲ್ಲಿಗೆ ಕಳುಹಿಸಿ, ಇಲ್ಲವೇ ಆಶಾ ಕಾರ್ಯಕರ್ತೆಯ ಮನೆಗೆ ಹೇಳಿ ಕಳುಹಿಸಿ. ತಾಯಿ ಕಾರ್ಡ್, ಹಳೆಯ ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ಚೀಟಿ ಕೈಯಲ್ಲಿರಲಿ.

ಇನ್ನು ಆ ಕೊನೆಯ ಸಾಲು. ತಾಯಿ ನೆಗೆಟಿವ್ ಆಗಿದ್ದು ಮಗು ತಂದೆಯಂತೆ ಪಾಸಿಟಿವ್ ಆಗಿದ್ದರೆ, ಪೆಟ್ಟಿನಿಂದ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದಾಗ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ತೊಡಗಬಹುದು. ಈ ಮಗುವಿಗಿಂತ ಮುಂದಿನ ಮಗುವಿಗೆ ಅದರ ಹಾನಿ ಹೆಚ್ಚು. ಇದನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದನ್ನು ಬಿದ್ದ 72 ಗಂಟೆಗಳ ಒಳಗೆ ಕೊಡಬೇಕು. ನಿಮ್ಮ ಲೆಕ್ಕ ನಿನ್ನೆ ಸಂಜೆ ಆರಕ್ಕೆ ಆರಂಭವಾಗಿದೆ. 28ನೆಯ ವಾರದಲ್ಲಿ ಒಮ್ಮೆ ಕೊಟ್ಟಿದ್ದರೂ ಬಿದ್ದ ಮೇಲೆ ಮತ್ತೆ ಕೇಳಲೇಬೇಕು. ಜನಜಂಗುಳಿಯಲ್ಲಿ ಯಾರಾದರೂ ಮರೆತಾರು, ನೀವೇ ನೆನಪಿಸಿ.

ಉತ್ತರ 2 (ಕಡಲತಡಿ, ಕುಮಟಾ)

ಎರಡು ವರ್ಷದ ಹಿಂದೆ ಮೀನು ಮಾರುಕಟ್ಟೆಯ ಒದ್ದೆ ನೆಲದಲ್ಲಿ ನಾನು ಹೀಗೆಯೇ ಬಿದ್ದಿದ್ದೆ, ಆಗ 32 ವಾರ. ಹೋದ ಕಡೆ ಹತ್ತು ನಿಮಿಷ ಸ್ಕ್ಯಾನ್ ಮಾಡಿ, ಮಗುವಿನ ಎದೆಬಡಿತ ಚೆನ್ನಾಗಿದೆ, ಮನೆಗೆ ಹೋಗಿ ಎಂದು ಕಳುಹಿಸಿಬಿಟ್ಟರು. ಆ ರಾತ್ರಿ ಬೇನೆ ಶುರುವಾಗಿ, ನಡುರಾತ್ರಿ ಮತ್ತೊಂದು ಊರಿಗೆ ಓಡಬೇಕಾಯಿತು. ಮಗಳು ಈಗ ಚೆನ್ನಾಗಿದ್ದಾಳೆ. ಆದರೆ ಮೊದಲ ಆಸ್ಪತ್ರೆಯಲ್ಲಿ 'ಇಷ್ಟು ಸಾಕೆ?' ಎಂದು ನಾನಾಗಲಿ ಅತ್ತೆಯಾಗಲಿ ಕೇಳಲಿಲ್ಲವಲ್ಲ ಎಂಬ ಬೇಸರ ಇನ್ನೂ ಹೋಗಿಲ್ಲ. ನೀವು ಕೇಳಿ ಅಣ್ಣ, ದಾಕ್ಷಿಣ್ಯ ಮಾಡಬೇಡಿ.

ನನ್ನನ್ನು ಒಳಗೆ ಒಬ್ಬಳನ್ನೇ ಕೂರಿಸಿಕೊಂಡು, ನಿಜವಾಗಿಯೂ ಜಾರಿ ಬಿದ್ದದ್ದೋ, ಯಾರಾದರೂ ದೂಡಿದರೋ ಎಂದು ಕೇಳಿದ್ದರು. ಯಜಮಾನರಿಗೆ ಸಿಟ್ಟು ಬಂದಿತ್ತು. ಅದು ಅವರು ಎಲ್ಲರಿಗೂ ಕೇಳಬೇಕಾದ ಪ್ರಶ್ನೆ, ನಿಮ್ಮನ್ನು ಹೊರಗೆ ನಿಲ್ಲಿಸಿದರೆ ಬೇಸರಿಸಬೇಡಿ.

ಉತ್ತರ 3 (ಪ್ರಸೂತಿ ವೈದ್ಯೆ, ಕಾರವಾರ)

ಮೇಲಿನ ಎರಡೂ ಮಾತುಗಳನ್ನು ಒಪ್ಪುತ್ತೇನೆ. ಸ್ಕ್ಯಾನಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಸ್ಕ್ಯಾನಿಂಗ್ ಸರಿ ಎಂದರೆ ಎಲ್ಲವೂ ಸರಿ ಎಂಬ ನಂಬಿಕೆ ಬಲವಾಗಿದೆ. ಮಾಸಿನ ಹಿಂದೆ ಆಗತಾನೇ ಶೇಖರವಾದ ರಕ್ತ ಸ್ಕ್ಯಾನಿಂಗಿನಲ್ಲಿ ಬಹುಮಟ್ಟಿಗೆ ಮಾಸಿನಂತೆಯೇ ಕಾಣುವುದರಿಂದ, ಮಾಸು ಬಿಟ್ಟಿರುವ ಎಷ್ಟೋ ಪ್ರಕರಣಗಳು ಅದರಲ್ಲಿ ತಪ್ಪಿಹೋಗುತ್ತವೆ. ಅಂಥ ಸಂದರ್ಭದಲ್ಲಿ ನಿಜವಾದ ಸುಳಿವು ಕೊಡುವುದು ಹೊಟ್ಟೆಗೆ ಎರಡು ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನೂ ಗರ್ಭಕೋಶದ ಸಂಕೋಚನವನ್ನೂ ಒಟ್ಟಿಗೆ ಕಾಗದದ ಮೇಲೆ ಬರೆಯುವ ಸಿಟಿಜಿ ಯಂತ್ರ. ಕೆಲವೆಡೆ ಇದನ್ನು ಎನ್‌ಎಸ್‌ಟಿ ಎಂದೇ ಕರೆಯುತ್ತಾರೆ. ಇಷ್ಟು ವಾರ ತುಂಬಿದ ಗರ್ಭಿಣಿ ಬಿದ್ದಾಗ ಕನಿಷ್ಠ ನಾಲ್ಕು ಗಂಟೆಯಾದರೂ ಹೀಗೆ ನೋಡಬೇಕು. ಆ ಹೊತ್ತಿನಲ್ಲಿ ಸಂಕೋಚನ, ಹೊಟ್ಟೆ ಮುಟ್ಟಿದರೆ ನೋವು, ರಕ್ತಸ್ರಾವ ಅಥವಾ ಎದೆಬಡಿತದಲ್ಲಿ ಏರುಪೇರು ಕಂಡರೆ 24 ಗಂಟೆ ಇಟ್ಟುಕೊಳ್ಳುತ್ತೇವೆ.

ಎಲ್ಲಿಗೆ ಹೋಗಬೇಕೆಂದರೆ, ಮೊದಲು ಶಿರಸಿಗೆ. ನೇರವಾಗಿ ಘಟ್ಟ ಇಳಿದು ಕಾರವಾರಕ್ಕೆ ಹೊರಡಬೇಡಿ, ಅದು ಸುಮಾರು 120 ಕಿಲೋಮೀಟರ್ ದಾರಿ, ಆ ಹೊತ್ತೆಲ್ಲ ಮಗುವಿನ ಎದೆಬಡಿತ ನೋಡುವವರು ಯಾರೂ ಇರುವುದಿಲ್ಲ. ಹೆರಿಗೆ ಬೇಗ ಆಗಬಹುದೆಂದು ಶಿರಸಿಯ ವೈದ್ಯರಿಗೆ ಅನಿಸಿದರೆ, ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಹುಬ್ಬಳ್ಳಿಗೋ ಕಾರವಾರಕ್ಕೋ ಮಣಿಪಾಲಕ್ಕೋ ಕಳುಹಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಿಂದ ಸರ್ಕಾರಿ ಆಸ್ಪತ್ರೆಗೆ ಹಾಗೆ ಕಳುಹಿಸುವಾಗ ಗರ್ಭಿಣಿಗೆ ವಾಹನ ಉಚಿತ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅದು ಸೇರಿದೆ. ನೆಗೆಟಿವ್ ಗುಂಪಿನ ರಕ್ತ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಬಂಧುಗಳಲ್ಲಿ ಓ ನೆಗೆಟಿವ್ ಯಾರಿದ್ದಾರೆಂದು ದಾರಿಯಲ್ಲಿಯೇ ವಿಚಾರಿಸಿಡಿ.

ಮಣಿಕಟ್ಟಿಗೆ ಎಕ್ಸ್‌ರೇ ಬೇಕೆಂದರೆ ಬೇಡ ಎನ್ನಬೇಡಿ. ಕೈಯ ಚಿತ್ರ ತೆಗೆಯುವಾಗ ಮಗುವಿಗೆ ತಲುಪುವ ವಿಕಿರಣ ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ಪ್ರಶ್ನೆ ಕೇಳಿದವರಿಂದ (ಮೂರನೆಯ ದಿನ)

ಎಲ್ಲರಿಗೂ ಕೃತಜ್ಞತೆಗಳು. ಅಂದು ಹತ್ತು ಗಂಟೆಗೆ ಶಿರಸಿ ತಲುಪಿದೆವು. ಪಟ್ಟಿ ಕಟ್ಟಿ ನೋಡಿದಾಗ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಸಂಕೋಚನ ಬರುತ್ತಿದ್ದುದರಿಂದ ನಾಲ್ಕು ಗಂಟೆಯ ನಂತರವೂ ಬಿಡಲಿಲ್ಲ, ಮರುದಿನದವರೆಗೆ ಇಟ್ಟುಕೊಂಡರು. ರಾತ್ರಿ ಎರಡರ ಹೊತ್ತಿಗೆ ಅದು ತಾನಾಗಿಯೇ ನಿಂತಿತು, ಮಗುವಿನ ಎದೆಬಡಿತ ಒಮ್ಮೆಯೂ ತಗ್ಗಲಿಲ್ಲ. ಮಣಿಕಟ್ಟಿನಲ್ಲಿ ಸಣ್ಣ ಬಿರುಕಿದೆ, ಪಟ್ಟು ಹಾಕಿದ್ದಾರೆ. ಆಂಟಿ-ಡಿ ವಿಷಯವನ್ನು ನಾನೇ ಕೇಳಿದೆ. ಆ ಹೊತ್ತಿಗೆ ಅಲ್ಲಿ ದಾಸ್ತಾನು ಇರಲಿಲ್ಲ, ಚೀಟಿ ಬರೆಸಿಕೊಂಡು ಮೂರನೆಯ ಔಷಧ ಅಂಗಡಿಯಲ್ಲಿ ಸಿಕ್ಕಿತು, ಮಂಜುಗಡ್ಡೆಯ ಡಬ್ಬಿಯಲ್ಲಿ ತಂದೆ. ಬಿದ್ದು 26 ಗಂಟೆಯಾಗಿತ್ತು. ಮೊದಲು ರಕ್ತ ತೆಗೆದುಕೊಂಡು, ಆಮೇಲೆ ಚುಚ್ಚಿದರು.

ಆಯಿ ಇನ್ನೂ ಪೂರ್ತಿ ಒಪ್ಪಿಲ್ಲ, ಎಣ್ಣೆ ತಿಕ್ಕಿದ್ದರೂ ನಿಲ್ಲುತ್ತಿತ್ತು ಎನ್ನುತ್ತಾರೆ. ಆದರೆ ನಾವು ಬರುವಷ್ಟರಲ್ಲಿ ಬಚ್ಚಲಿನವರೆಗೂ ಅಡಿಕೆ ದಬ್ಬೆ ಹಾಸಿಸಿ, ಹಿಡಿದುಕೊಳ್ಳಲು ಗಳ ಕಟ್ಟಿಸಿದ್ದರು.

ಇನ್ನು ಮನೆಯಲ್ಲಿ ಏನನ್ನು ಗಮನಿಸಬೇಕು? ಮುಂದಿನ ತಪಾಸಣೆಗೆ ಬೇರೆ ಕಡೆ ಹೋಗಬೇಕಾದೀತು.

ಉತ್ತರ (ನಿವೃತ್ತ ಶುಶ್ರೂಷಕಿ, ಶಿರಸಿ)

ದಿನಕ್ಕೊಮ್ಮೆ ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಮಗುವಿನ ಮಿಸುಕಾಟ ಎಣಿಸಲು ಹೇಳಿ. ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗದಿದ್ದರೆ, ನೀರು ಅಥವಾ ರಕ್ತ ಹೋದರೆ, ಬೆಳಗಾಗಲಿ ಎಂದು ಕಾಯದೆ ಅದೇ ಗಳಿಗೆಗೆ ಹೊರಡಿ. ಚುಚ್ಚುಮದ್ದು ಕೊಟ್ಟ ತಾರೀಖು ಮತ್ತು ಪ್ರಮಾಣವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡಿದ್ದೀರೋ ಇಲ್ಲವೋ ಇಂದೇ ನೋಡಿ. ಆಂಟಿ-ಡಿ ಪಡೆದ ಕೆಲವು ವಾರಗಳವರೆಗೆ ತಾಯಿಯ ರಕ್ತದಲ್ಲಿ ಪ್ರತಿಕಾಯ ಇರುವಂತೆ, ಅದನ್ನು ಹುಡುಕುವ ಐಸಿಟಿ ರಕ್ತಪರೀಕ್ಷೆಯಲ್ಲಿ ಕಾಣಬಹುದು. ಹೊಸ ಕಡೆಯ ವೈದ್ಯರಿಗೆ ಅದು ಗೊತ್ತಿಲ್ಲದಿದ್ದರೆ ಸುಮ್ಮನೆ ಗಾಬರಿಯಾಗುತ್ತದೆ, ಆದ್ದರಿಂದ ಹೋದ ಕೂಡಲೇ ಆ ಪುಟವನ್ನೇ ಮೊದಲು ತೋರಿಸಿ.