ಅಪ್‌ಡೇಟ್: ಡಿಸ್ನಿ ಇಂಟರ್ವ್ಯೂ ಆಯಿತು

ಫ್ಲೋರಿಡಾದ ಡಿಸ್ನಿ ವರ್ಲ್ಡ್ ಇಂಟರ್ನ್‌ಶಿಪ್‌ಗೆ ಏನು ಕೇಳುತ್ತಾರೆ ಅಂತ ವಿಚಾರಿಸಿದ್ದೆನಲ್ಲ, ಸೆಲೆಕ್ಟ್ ಆದೆ! ನನ್ನ ಇಂಗ್ಲಿಷ್ ಬಗ್ಗೆ ಅವರು ತಲೆಕೆಡಿಸಿಕೊಳ್ಳಲೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ಜಾಸ್ತಿ ಕೇಳಿದ್ದು ಸಿಟ್ಟಾದವರನ್ನು ಹೇಗೆ ಸಮಾಧಾನ ಮಾಡುತ್ತೀರಿ ಅಂತ. ರಜೆಯಲ್ಲಿ ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟ್ ಟಿಕೆಟ್ ಕೊಡುತ್ತಿದ್ದೆ. ಅಲೆ ಜೋರಾಗಿ ಬೋಟ್ ನಿಂತ ದಿನ ಕ್ಯೂನಲ್ಲಿದ್ದ ಮಕ್ಕಳನ್ನು ನೆರಳಿಗೆ ಕೂರಿಸಿ, ನೀರು ಕೊಟ್ಟು, ಒಬ್ಬೊಬ್ಬರಿಗೂ ದುಡ್ಡು ವಾಪಸ್ ಎಣಿಸಿದ್ದನ್ನು ಹೇಳಿದೆ. ಆಮೇಲೆ ಪ್ರಶ್ನೆಯೆಲ್ಲ ಅದರ ಮೇಲೆಯೇ! ಕ್ಲೀನಿಂಗ್ ಕೆಲಸ ಕೊಟ್ಟರೂ ಓಕೆನಾ ಅಂದರು. ಓಕೆ ಅಂದೆ, ಅಮ್ಮನಿಗೆ ಇನ್ನೂ ಹೇಳಿಲ್ಲ.

ಈಗ ಜೆ-1 ವೀಸಾ ಬಾಕಿ, ಅಂದರೆ ಇಂಟರ್ನ್‌ಶಿಪ್‌ನಂಥ ವಿನಿಮಯ ಕಾರ್ಯಕ್ರಮಗಳಿಗೆ ಅಮೆರಿಕ ಕೊಡುವ ವೀಸಾ. ಅದಕ್ಕೆ ಸ್ಪಾನ್ಸರ್ ಸಂಸ್ಥೆ ಕೊಡುವ ಡಿಎಸ್-2019 ಫಾರ್ಮ್ ಬರಬೇಕು, ಸೆವಿಸ್ (ಹೊರದೇಶದ ವಿದ್ಯಾರ್ಥಿಗಳು, ಇಂಟರ್ನ್‌ಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ ಕಟ್ಟಬೇಕು. ಚೆನ್ನೈನಲ್ಲಿ ವೀಸಾ ಇಂಟರ್ವ್ಯೂ ಕೊಟ್ಟವರು ಯಾರಾದರೂ ಇದ್ದೀರಾ?