ಪುಟ್ಟಿಗೆ, ಆ ಕಷಾಯದ ವಿಷಯವಾಗಿ

ಪುಟ್ಟಿ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಆಗ ಕೈತುಂಬ ಕೆಲಸವಿತ್ತು. ಎರಡು ಸಾಲಿನಲ್ಲಿ ಮುಗಿಯುವ ಉತ್ತರವೂ ಅದಲ್ಲ. ಈಗ ಕುಳಿತಿದ್ದೇನೆ, ಉದ್ದವಾಗುತ್ತದೆ. ಅಣ್ಣ ಅರ್ಧಕ್ಕೇ ಎದ್ದುಹೋಗುತ್ತಾನೆ ಎಂದು ಗೊತ್ತು, ಹೋಗಲಿ. ನೀನು ಮಾತ್ರ ಪೂರ್ತಿ ಕೇಳು.

ನಿನ್ನ ಮಕ್ಕಳಲ್ಲಿ ದೊಡ್ಡವನಿಗೆ ಮೂರು ವರ್ಷ, ಎರಡು ದಿನದಿಂದ ಕೆಮ್ಮು. ಚಿಕ್ಕದಕ್ಕೆ ಎಂಟು ತಿಂಗಳು, ಮೂಗು ಕಟ್ಟಿದೆ. ನಿನ್ನ ಅಮ್ಮ, ಅಂದರೆ ನಮ್ಮ ಅತ್ತಿಗೆ, ಗುಂಪಿಗೆ ಕಳಿಸಿದ ಸಂದೇಶದಲ್ಲಿ ಶುಂಠಿ, ಕಾಳುಮೆಣಸು, ತುಳಸಿ, ಅರಿಸಿನ, ಜ್ಯೇಷ್ಠಮಧು, ಜೇನುತುಪ್ಪ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಅರ್ಧ ಗಂಟೆ ಕುದಿಸಿ, ಮನೆಮಂದಿಯೆಲ್ಲ ದಿನಕ್ಕೆ ಎರಡು ಸಲ ಕುಡಿಯಿರಿ ಎಂದಿದೆ. ಇಬ್ಬರಿಗೂ ಕೊಡಲೇ ಎಂದು ಕೇಳಿದ್ದೀಯ. ಅತ್ತಿಗೆ, ನೀವು ಬೇಸರ ಮಾಡಿಕೊಳ್ಳಬೇಡಿ. ಆ ಆರು ಪದಾರ್ಥಗಳಲ್ಲಿ ಒಂದನ್ನೂ ನಾನು ಹಳಿಯುವುದಿಲ್ಲ. ನನ್ನ ತಕರಾರೆಲ್ಲ ಆ ಒಂದೇ ಪಾತ್ರೆಯ ಮೇಲೆ.

ಮೊದಲು ಚಿಕ್ಕದರ ವಿಷಯ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೆ ಸೋಕಿಸುವಷ್ಟೂ ಬೇಡ. ಜೇನಿನಲ್ಲಿ ಬೊಟುಲಿಸಂ ಎಂಬ, ಸ್ನಾಯುಗಳ ಬಲ ಕಸಿಯುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ನಮ್ಮ ಹೊಟ್ಟೆಯಲ್ಲಿ ಅವು ಮೊಳೆಯುವುದಿಲ್ಲ. ಎಳೆಯ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲವು. ಮೊದಲು ಮಲಬದ್ಧತೆ, ಆಮೇಲೆ ಅಳುವ ದನಿ ಕ್ಷೀಣಿಸುತ್ತದೆ, ಹಾಲು ಚೀಪುವ ಬಲ ಹೋಗುತ್ತದೆ, ಕತ್ತು ನಿಲ್ಲುವುದಿಲ್ಲ. ಕುದಿಸಿದರೆ ಆಯಿತಲ್ಲ ಎಂದು ಭಾವ ಕೆಳಗೆ ಬರೆದಿದ್ದಾರೆ. ಇಲ್ಲ ಭಾವ, ಆ ಬೀಜಕಣಗಳು ಕುದಿಯುವ ನೀರಿಗೆ ಜಗ್ಗುವಂಥವಲ್ಲ. ಹಾಗಾಗಿ ಆ ಕೂಸಿಗೆ ಕಷಾಯವೇ ಬೇಡ. ಎದೆಹಾಲು ಎಂದಿನಂತೆ ಕೊಡು, ಹಾಲು ಕುಡಿಸುವ ಮುನ್ನ ಮೂಗಿಗೆ ಔಷಧದ ಅಂಗಡಿಯ ಸಲೈನ್ ಹನಿ ಹಾಕು, ಸಾಕು. ಎದೆಗೆ ಕರ್ಪೂರದ ಎಣ್ಣೆ ತಿಕ್ಕಬಹುದೇ ಎಂದು ಯಾರೋ ಕೇಳಿದ್ದರಲ್ಲ, ಅದೂ ಬೇಡ. ಸ್ವಲ್ಪ ಕರ್ಪೂರ ಹೊಟ್ಟೆಗೆ ಹೋದರೂ ಮಕ್ಕಳಿಗೆ ಕೆಲವೇ ನಿಮಿಷಗಳಲ್ಲಿ ಸೆಳವು ಬರಬಹುದು. ಎದೆಗೆ ಹಚ್ಚಿದ್ದು ಕೂಸಿನ ಬೆರಳಿಗೆ, ಬೆರಳಿನಿಂದ ಬಾಯಿಗೆ ಹೋಗಲು ಎಷ್ಟು ಹೊತ್ತು ಬೇಕು?

ದೊಡ್ಡವನಿಗೆ ಜೇನು ಧಾರಾಳವಾಗಿ ಆಗುತ್ತದೆ. ಮಲಗುವ ಮುನ್ನ ಅರ್ಧ ಚಮಚದಿಂದ ಒಂದು ಚಮಚ ಜೇನನ್ನು ಹಾಗೆಯೇ ನೆಕ್ಕಿಸು. ರಾತ್ರಿಯ ಕೆಮ್ಮು ತಗ್ಗುತ್ತದೆ, ಅವನೂ ನಿದ್ದೆ ಮಾಡುತ್ತಾನೆ, ನೀನೂ ಮಾಡುತ್ತೀಯ. ಹಲ್ಲುಜ್ಜಿಸುವುದನ್ನು ಮಾತ್ರ ಮರೆಯಬೇಡ. ಅವನಿಗೆ ಇದಕ್ಕಿಂತ ದೊಡ್ಡ ಮದ್ದು ಈಗ ಬೇಕಿಲ್ಲ. ಬಿಸಿನೀರಿನ ಪಾತ್ರೆಯ ಮುಂದೆ ಬಗ್ಗಿಸಿ ಆವಿ ಕೊಡುವುದಂತೂ ಬೇಡವೇ ಬೇಡ. ಆ ವಯಸ್ಸಿನ ಮಕ್ಕಳು ಒಂದು ಕಡೆ ಕೂರುವುದಿಲ್ಲ, ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡವರು ಎಷ್ಟೋ ಮಂದಿ.

ಇನ್ನು ದೊಡ್ಡವರ ಕಷಾಯ. ಎಲ್ಲವನ್ನೂ ಅರ್ಧ ಗಂಟೆ ಕುದಿಸಬೇಕು ಎಂದು ಯಾರು ಹೇಳಿದರೋ ಕಾಣೆ. ಹಳೆಯ ಆಯುರ್ವೇದ ಗ್ರಂಥಗಳಲ್ಲೇ ಹಾಗಿಲ್ಲ. ಅಲ್ಲಿ ಐದು ಬಗೆ ಹೇಳಿದ್ದಾರೆ: ಹಸಿಯಾಗಿ ಹಿಂಡಿದ ರಸ ಸ್ವರಸ, ಅರೆದದ್ದು ಕಲ್ಕ, ಕುದಿಸಿ ಇಳಿಸಿದ್ದು ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಸೋಸಿದ್ದು ಫಾಂಟ. ಅಲ್ಲಿ ಈ ಐದಕ್ಕೂ ಕಷಾಯ ಎಂದೇ ಹೆಸರು, ನಾವು ಕುದಿಸಿದ್ದನ್ನು ಮಾತ್ರ ಕಷಾಯ ಎಂದುಕೊಂಡುಬಿಟ್ಟಿದ್ದೇವೆ. ತೊಗಟೆ, ಬೇರು, ಒಣಗಿದ ಕಡ್ಡಿಯಂಥ ಗಟ್ಟಿ ಪದಾರ್ಥಕ್ಕೆ ಕುದಿತ ಬೇಕು. ತುಳಸಿ, ಪುದೀನ, ದೊಡ್ಡಪತ್ರೆಯಂಥ ಘಮದ ಎಲೆಗೆ ಬೇಡ. ಅವುಗಳ ಗುಣ ಇರುವುದು ಹಾರಿಹೋಗುವ ಎಣ್ಣೆಯಲ್ಲಿ. ತೆರೆದ ಪಾತ್ರೆಯಲ್ಲಿ ಕುದಿಸಿದಾಗ ಮನೆಯೆಲ್ಲ ಘಮ್ಮೆಂದರೆ ಖುಷಿಪಡುತ್ತೇವೆ. ಲೋಟದಲ್ಲಿ ಇರಬೇಕಾದದ್ದು ಗಾಳಿಗೆ ಹೋಯಿತು ಎಂದೇ ಅದರರ್ಥ.

ಇದು ಬರೀ ನನ್ನ ಹಟ ಎಂದುಕೊಳ್ಳಬೇಡಿ. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಕೈಕೊಡುತ್ತಿತ್ತು. ನಾಲ್ಕನೇ ಶತಮಾನದ ಒಂದು ವೈದ್ಯ ಗ್ರಂಥವನ್ನು ಮತ್ತೆ ಓದಿದಾಗ, ಆ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕು ಎಂದು ಅಲ್ಲಿತ್ತು. ಕುದಿಸುವ ಮಾತೇ ಇರಲಿಲ್ಲ. ಶಾಖವೇ ಕೆಡಿಸುತ್ತಿರಬಹುದು ಎಂದು ಅವರಿಗೆ ಹೊಳೆಯಿತು. 1971ರಲ್ಲಿ ಕಡಿಮೆ ಶಾಖದಲ್ಲಿ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು, ಅದರಿಂದ ಮುಂದೆ ಆರ್ಟಿಮಿಸಿನಿನ್ ಎಂಬ ಮದ್ದು ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ನೆನೆಸುವುದಕ್ಕೂ ಕುದಿಸುವುದಕ್ಕೂ ಅಷ್ಟು ವ್ಯತ್ಯಾಸವಿದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಹಸಿಶುಂಠಿಯನ್ನು ಚೆನ್ನಾಗಿ ತೊಳೆದು ಜಜ್ಜುತ್ತೇನೆ. ಹೆಚ್ಚಿದರೆ ಸಾಲದು, ನಾರು ಬಿಚ್ಚಿಕೊಂಡು ರಸ ಒಸರಬೇಕು. ನಾಲ್ಕು ಕಾಳುಮೆಣಸನ್ನು ತರಿಯಾಗಿ ಕುಟ್ಟುತ್ತೇನೆ. ಎರಡು ಲೋಟ ನೀರಿಗೆ ಇವೆರಡನ್ನೂ ಹಾಕಿ, ಸೌಟಿನ ಮರದ ಹಿಡಿಯನ್ನು ಪಾತ್ರೆಯ ತಳ ಮುಟ್ಟುವಂತೆ ನೆಟ್ಟಗೆ ಇಳಿಸಿ, ಒದ್ದೆಯಾದ ಅಂಚಿಗೆ ಉಗುರಿನಿಂದ ಗುರುತು ಮಾಡುತ್ತೇನೆ. ಅದರ ಅರ್ಧಕ್ಕೆ ಇನ್ನೊಂದು ಗುರುತು. ಉರಿ ಸಣ್ಣದಿರಬೇಕು, ನೀರು ಕುಣಿಯಬಾರದು, ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದರೆ ಸಾಕು. ನಡುನಡುವೆ ಹಿಡಿಯನ್ನು ಇಳಿಸಿ ನೋಡಿ, ಕೆಳಗಿನ ಗುರುತಿಗೆ ಬಂದೊಡನೆ ಒಲೆ ಆರಿಸುತ್ತೇನೆ. ತುಳಸಿ ಎಲೆ ಆಗ, ಉರಿ ಆರಿದ ಮೇಲೆ. ಏಳೆಂಟು ಎಲೆಗಳನ್ನು ಕೈಯಲ್ಲೇ ಹರಿದು ಹಾಕಿ, ಬಿಗಿಯಾಗಿ ಮುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ತೆಗೆಯುವಾಗ ಮುಚ್ಚಳದ ಒಳಗೆ ಹನಿ ಕಟ್ಟಿರುತ್ತದೆ. ಅದನ್ನು ಒದರಿ ಚೆಲ್ಲಬೇಡ, ಪಾತ್ರೆಗೇ ಬಸಿ, ಘಮದ ಎಣ್ಣೆ ಅದರಲ್ಲೂ ಸೇರಿರುತ್ತದೆ. ಸೋಸಿ, ಕುಡಿಯುವ ಹದಕ್ಕೆ ಆರಿದ ಮೇಲೆ ಜೇನು. ಆವತ್ತು ಮಾಡಿದ್ದು ಆವತ್ತಿಗೇ ಮುಗಿಯಬೇಕು. ಮೂರು ದಿನಕ್ಕಾಗುವಷ್ಟು ಮಾಡಿ ಬಾಟಲಿಗೆ ತುಂಬಿಡುವ ಜಾಣತನ ಬೇಡ.

ನಿನಗೆ ವಾಕರಿಕೆ ಎಂದಿದ್ದೆಯಲ್ಲ, ಅದಕ್ಕೂ ಹಸಿಶುಂಠಿಯೇ ಸರಿ. ಒಣಶುಂಠಿಯನ್ನು ಅದೇ ಅಳತೆಗೆ ಹಾಕಬೇಡ. ಒಣಗುವಾಗ ಅದರ ಖಾರದ ಅಂಶವೇ ಮಾರ್ಪಟ್ಟು ಇನ್ನಷ್ಟು ಚುರುಕಾಗುತ್ತದೆ, ಎದೆಯುರಿ ಇದ್ದವರಿಗೆ ಕಷ್ಟ.

ಅರಿಸಿನವನ್ನು ಈ ಪಾತ್ರೆಯಿಂದ ನಾನು ಹೊರಗಿಟ್ಟಿದ್ದೇನೆ. ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಡಿಮೆ, ತಳದಲ್ಲಿ ಗಷ್ಟಾಗಿ ಕೂರುತ್ತದೆ. ಕೊಬ್ಬಿರುವ ಹಾಲಿಗೆ ಹಾಕಿ ಚಿಟಿಕೆ ಮೆಣಸು ಸೇರಿಸುವುದು ಮೇಲು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೆಣಸಿನ ಖಾರದ ಅಂಶವಾದ ಪೈಪರಿನ್ ಜೊತೆ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚಿತು. ಇದನ್ನು ಕೇಳಿ ಭಾವ ಹಿಗ್ಗಬೇಡಿ. ಅರಿಸಿನವನ್ನು ಒಳಕ್ಕೆ ದೂಡುವ ಅದೇ ಮೆಣಸು ಕೆಲವು ಮಾತ್ರೆಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ನೀವು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದೀರಿ. ಅಡುಗೆಯ ಅರಿಸಿನ ಇರಲಿ, ದಿನಕ್ಕೆರಡು ಸಲ ಚಮಚಗಟ್ಟಲೆ ಬೇಡ. ಕುಡಿಯಲೇಬೇಕು ಎನ್ನಿಸಿದರೆ ನಿಮ್ಮ ವೈದ್ಯರನ್ನು ಮೊದಲು ಕೇಳಿ.

ಜ್ಯೇಷ್ಠಮಧುವಿನ ಕಥೆ ಹೇಳುವುದಕ್ಕೆ ನನಗೆ ಈಗಲೂ ನಾಚಿಕೆ. ನಮ್ಮ ಮಾವನವರಿಗೆ ಒಣಕೆಮ್ಮು ಬಿಡದಿದ್ದಾಗ ದಿನಾ ಅದರ ಕಷಾಯ ಮಾಡಿ ಕೊಡುತ್ತಿದ್ದೆ. ಸಿಹಿಯಾಗಿರುತ್ತದೆ, ಅವರೂ ಕೇಳಿ ಕುಡಿಯುತ್ತಿದ್ದರು. ಐದು ವಾರ ನಡೆಯಿತು. ಮಾತ್ರೆ ತಪ್ಪಿಸದಿದ್ದರೂ ರಕ್ತದೊತ್ತಡ ಏರುತ್ತಲೇ ಹೋಯಿತು, ಸಂಜೆಯಾದರೆ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ವೈದ್ಯರು ಮಾತ್ರೆಗಳನ್ನೆಲ್ಲ ನೋಡಿ, ಮನೆಯಲ್ಲಿ ಬೇರೇನು ಕೊಡುತ್ತಿದ್ದೀರಿ ಎಂದರು. ಏನೂ ಇಲ್ಲ ಎಂದುಬಿಟ್ಟೆ. ಕಷಾಯ ನನ್ನ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲವಲ್ಲ! ಬಾಗಿಲವರೆಗೆ ಹೋದ ಮಾವನವರೇ ತಿರುಗಿ, ಸೊಸೆ ಕೊಡುವ ಸಿಹಿ ಕಷಾಯ ಒಂದಿದೆ ಎಂದರು. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ಸಿಹಿ ಅಂಶ ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಒತ್ತಡ ಏರಿಸುತ್ತದೆ ಎಂದು ಆವತ್ತು ತಿಳಿಯಿತು. ನಿಲ್ಲಿಸಿದ ಮೇಲೆ ಊತ ಇಳಿಯಿತು. ಆಮೇಲಿಂದ ಯಾರಿಗೆ ಏನು ಕುಡಿಸಿದರೂ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ, ವೈದ್ಯರಿಗೆ ಅದರ ಫೋಟೊ ತೋರಿಸುತ್ತೇನೆ. ಗಂಟಲು ಕೆರೆತಕ್ಕೆ ಒಂದೆರಡು ದಿನ ಚೂರು ಚೀಪುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ರಕ್ತದೊತ್ತಡ ಇರುವವರಿಗೆ ಮತ್ತು ಬಸುರಿಯರಿಗೆ ಅಷ್ಟೂ ಬೇಡ.

ಅಣ್ಣನ ಹಲ್ಲುನೋವಿಗೆ ಲವಂಗ ಎಂದು ಬರೆದವರಿಗೆ: ಸರಿಯೇ, ಅದರ ಎಣ್ಣೆಯಲ್ಲಿರುವ ಯುಜೆನಾಲ್ ಎಂಬ ಅಂಶ ನೋವಿನ ಜಾಗವನ್ನು ಮರಗಟ್ಟಿಸುತ್ತದೆ, ದಂತವೈದ್ಯರೂ ಬಳಸುತ್ತಾರೆ. ನೋವು ಹೋಯಿತೆಂದು ಹುಳುಕು ಹೋಗುವುದಿಲ್ಲ. ಎಣ್ಣೆಯನ್ನು ನೇರವಾಗಿ ವಸಡಿಗೆ ಸುರಿದರೆ ವಸಡೇ ಸುಡುತ್ತದೆ. ಅಣ್ಣ, ನೀನು ಇನ್ನೂ ಕೇಳುತ್ತಿದ್ದರೆ, ನಾಳೆಯೇ ಹಲ್ಲು ತೋರಿಸು.

ಪುಟ್ಟಿ, ಕೊನೆಗೊಂದು ಕೆಲಸ. ಚಿಕ್ಕದು ಅಳದೆ ಶಾಂತವಾಗಿ ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡ, ಎಳೆಯ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಈ ವಯಸ್ಸಿಗೆ 50 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಇಲ್ಲವೇ ಹಾಲು ಬಿಟ್ಟರೆ, ರಾತ್ರಿಯೇ ಆಗಿರಲಿ ಆಸ್ಪತ್ರೆಗೆ ಹೊರಡು, ಗುಂಪಿನಲ್ಲಿ ಕೇಳುತ್ತಾ ಕೂರಬೇಡ. ದೊಡ್ಡವನಿಗಾದರೆ ಆ ಲೆಕ್ಕ 40. ಈಗ ಎಣಿಸಿ ಎಷ್ಟು ಬಂತೆಂದು ನನಗೆ ಬರೆ, ನಾನು ಎಚ್ಚರವಾಗಿಯೇ ಇರುತ್ತೇನೆ.